ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ

ನಮ್ಮ ಜಿಲ್ಲೆಯಲ್ಲಿ ಹೆಸರಾದ ಹಿಪ್ಪರಗಿಗಳು ಎರಡು. ಒಂದು ದೇವರ ಹಿಪ್ಪರಗಿ, ಇನ್ನೊಂದು ಹೂವಿನ ಹಿಪ್ಪರಗಿ. ನನ್ನದು ಎರಡನೆಯದು, ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ ಹೋಬಳಿಯ ಊರು. ಮೊದಲನೆಯದು ಬಹುಕಾಲ ಸಿಂದಗಿ ತಾಲೂಕಿನಲ್ಲಿದ್ದು ಈಚೆಗೆ ತಾನೇ ಒಂದು ತಾಲೂಕಾಯಿತು. ದೇವರಿಗೂ ಹೂವಿಗೂ ಇರುವ ಸಂಬಂಧವನ್ನು ಅರಿಯದವರಾರು? ಆದರೆ ಸರಕಾರದ ಅರ್ಜಿಯಲ್ಲಿ ಹೂವಿನ ಜಾಗಕ್ಕೆ ದೇವರು ಬಂದು ಕುಳಿತರೆ ಏನಾಗುತ್ತದೆ ಎಂಬುದು ಮಾತ್ರ 2022ನೆಯ ಇಸವಿಯವರೆಗೆ ನನಗೆ ತಿಳಿದಿರಲಿಲ್ಲ.

ಓದುಗರು ಕ್ಷಮಿಸಬೇಕು, ಇತಿಹಾಸದ ಮಾತನ್ನು ಮನೆಯ ಮಾತಿನಿಂದ ಆರಂಭಿಸುತ್ತಿದ್ದೇನೆ. ಆ ವರ್ಷ ನನ್ನ ಮಗಳು ಪಿ.ಯು.ಸಿ. ಮುಗಿಸಿ ವಿಜಾಪುರದಲ್ಲಿ ಬಿ.ಎಸ್‌ಸಿ. ತರಗತಿಗೆ ಸೇರಿದಳು. (2014ರಿಂದ ಅದರ ಹೆಸರು ವಿಜಯಪುರ. ನಮ್ಮ ಮನೆಯ ಕಾಗದಗಳಲ್ಲಿ ಹಳೆಯವು ಒಂದು ಹೆಸರನ್ನೂ ಹೊಸವು ಇನ್ನೊಂದನ್ನೂ ಹೇಳುತ್ತವೆ. ಅದೂ ಒಂದು ಕಥೆ.) ನಾನು ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಬರುವ ಸಂಬಳದಲ್ಲಿ ಮನೆ ನಡೆಯುತ್ತದೆ. ಮನೆಯ ಜೊತೆಗೆ ಇನ್ನೊಂದು ಊರಿನಲ್ಲಿ ಮಗಳ ಕೋಣೆ, ಊಟ, ಪುಸ್ತಕಗಳೂ ನಡೆಯಬೇಕೆಂದರೆ ಕಷ್ಟ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದೆವು.

ಎಂ.ಎ. ಓದಿದವನು ನಾನು. ವಚನ, ಷಟ್ಪದಿ, ಚಂಪೂ ಎಲ್ಲವನ್ನೂ ವರ್ಷಾನುಗಟ್ಟಲೆ ಪಾಠ ಹೇಳಿದವನು. ಕನ್ನಡದಲ್ಲಿ ಬರೆದದ್ದೇನಿದ್ದರೂ ಒಂದಲ್ಲ ಒಂದು ಬಗೆಯಿಂದ ಅನ್ವಯ ಮಾಡಿ ಅರ್ಥ ಹೇಳಬಲ್ಲೆನೆಂಬ ಸಣ್ಣ ಅಹಂಕಾರ ನನ್ನಲ್ಲಿತ್ತು. ಆ ಅರ್ಜಿ ಅದನ್ನು ಇಳಿಸಿತು. ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೊಂದು ಆರ್‌ಡಿ ಸಂಖ್ಯೆ. ಶಾಲೆಯ ದಿನಗಳಿಂದ ಮಗುವಿಗೆ ಅಂಟಿಕೊಂಡು ಬಂದ ಇನ್ನೊಂದು ಸಂಖ್ಯೆ. ಕಾಲೇಜಿನ ನೋಂದಣಿಗೆ ಮತ್ತೊಂದು. ಆಧಾರ್ ಸಂಖ್ಯೆ ಒಂದು. ರೈತನ ಮಗಳಾದರೆ ಹೊಲದ ಒಡೆಯನಿಗೆ ಕೃಷಿ ಇಲಾಖೆಯ ಎಫ್‌ಐಡಿ ಎಂಬುದು ಮಗದೊಂದು. ಇವೆಲ್ಲದರಲ್ಲಿಯೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ಕೊನೆಯಲ್ಲಿ ಬ್ಯಾಂಕಿನ ಖಾತೆಗೆ ‘ಆಧಾರ್ ಸೀಡಿಂಗ್’ ಆಗಿರಬೇಕು. ಹಾಗೆಂದರೇನೆಂದು ನನ್ನ ತಂದೆ ಕೇಳಿದರು. ಎಪ್ಪತ್ತು ದಾಟಿದ ಒಕ್ಕಲಿಗರು ಅವರು. ಬಿತ್ತುವುದು ಎಂದರ್ಥ ಎಂದೆ.

“ಬ್ಯಾಂಕಿನ್ಯಾಗ ಏನ ಬಿತ್ತತಾರೋ ತಮ್ಮಾ?” ಎಂದರು.

ನಕ್ಕು ಮುಂದೆ ಸಾಗಿದೆವು. ಆದರೆ ಸಾಗಲು ಹಾದಿ ಇರಲಿಲ್ಲ. ರೈತರ ಮಕ್ಕಳಿಗಾಗಿ ರಾಜ್ಯ ಸರಕಾರ 2021ರಲ್ಲಿ ‘ರೈತ ವಿದ್ಯಾನಿಧಿ’ಯನ್ನು ಆರಂಭಿಸಿತ್ತು. ಪದವಿ ತರಗತಿಯ ಹುಡುಗರಿಗೆ ವರ್ಷಕ್ಕೆ 5,000 ರೂಪಾಯಿ, ಹುಡುಗಿಯರಿಗೆ 5,500; ಇಂಜಿನಿಯರಿಂಗ್, ವೈದ್ಯಕೀಯದಂಥ ಓದಿಗೆ 10,000 ಮತ್ತು 11,000. ನಮಗೆ ಎಂಟೆಕರೆ ಎರೆಹೊಲವಿದೆ. ಬಿಳಿಜೋಳ, ಕಡಲೆ, ಈಗೀಗ ತೊಗರಿ. ಆದರೆ ಉತಾರದಲ್ಲಿರುವುದು ನನ್ನ ತಂದೆಯ ಹೆಸರು. ನೆರವು ಸಿಗುವುದು ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಭೂಮಿಯಿದ್ದ ಮಕ್ಕಳಿಗೆ. ಅಜ್ಜ ರೈತ, ಮೊಮ್ಮಗಳು ವಿದ್ಯಾರ್ಥಿನಿ. ನಡುವೆ ನಾನೊಬ್ಬ ಉತಾರದಲ್ಲಿ ಹೆಸರಿಲ್ಲದವನು ನಿಂತಿದ್ದೆ. ಸಾಲದ್ದಕ್ಕೆ, ಅರ್ಜಿ ತುಂಬಿಕೊಡುವ ಒಂದು ಅಂಗಡಿಯಲ್ಲಿ ಮಗಳ ಊರನ್ನು ದೇವರ ಹಿಪ್ಪರಗಿ ಎಂದು ಆರಿಸಿಬಿಟ್ಟಿದ್ದರು. ತಾಲೂಕು ತಪ್ಪಿತು, ಅರ್ಜಿ ತಿರುಗಿ ಬಂತು.

ನಾಡಕಚೇರಿಯ ಮುಂದಿನ ಸಾಲಿನಲ್ಲಿ ನಾನೂ ತಂದೆಯೂ ನಿಂತಿದ್ದ ಒಂದು ಮುಂಜಾನೆ ಅವರು ತಮ್ಮ ಬಾಲ್ಯದ ಸಂಗತಿಯೊಂದನ್ನು ಹೇಳಿದರು. ಅದುವರೆಗೆ ನನಗದು ಗೊತ್ತಿರಲಿಲ್ಲ. 1964ರಲ್ಲಿ ಅವರು ಮುಲ್ಕಿ ಪರೀಕ್ಷೆ ಪಾಸಾದರು. ಮುಂದೆ ಓದಿಸಲು ಮಾಸ್ತರರೊಬ್ಬರು ಆಸೆ ಹುಟ್ಟಿಸಿದ್ದರು. ವಿಜಾಪುರದ ವಸತಿಗೃಹವೊಂದರಲ್ಲಿ ಬಡ ಹುಡುಗರಿಗೆ ಬಿಟ್ಟಿ ಊಟ, ವಸತಿ. ಆದರೆ ಮನೆಯ ಉತ್ಪನ್ನವೆಷ್ಟೆಂಬ ದಾಖಲೆ ಬೇಕು. ನನ್ನ ಅಜ್ಜ ತಲಾಟಿಯನ್ನು ಹುಡುಕಿ ಹೋದರು. ತಲಾಟಿ ಬಾಗೇವಾಡಿಯ ಮಾಮಲೇದಾರ ಕಚೇರಿ ತೋರಿಸಿದರು. ಅಲ್ಲಿ ಸಾಹೇಬರು ಫಿರತಿಗೆ ಹೋಗಿದ್ದರು. ಹೀಗೆ ಮೂರು ಸಲ. ಮೂರನೆಯ ಸಲ ಕಾಗದವೇನೋ ಸಿಕ್ಕಿತು. ಅಷ್ಟರಲ್ಲಿ ವಸತಿಗೃಹದ ಮುದ್ದತು ಮುಗಿದು ಎಂಟು ದಿನವಾಗಿತ್ತು. ಅಜ್ಜ ಆ ಕಾಗದವನ್ನು ಮಡಿಚಿ ಜಂತಿಗೆ ಸಿಕ್ಕಿಸಿದರು. ತಂದೆ ಎತ್ತಿನ ಹಿಂದೆ ಹೋದರು.

“ಕಾಗದ ತಪ್ಪಿರಲಿಲ್ಲೋ ತಮ್ಮಾ, ತಡಾ ಆಗಿ ಬಂತು,” ಎಂದಷ್ಟೇ ಹೇಳಿ ಸುಮ್ಮನಾದರು.

ಆ ಸಾಲಿನಲ್ಲಿ ನಿಂತೇ ನನಗೊಂದು ಪ್ರಶ್ನೆ ಹುಟ್ಟಿತು. ಈ ನಾಡಿನ ಹುಡುಗರು ಹಿಂದೆ ಯಾರ ಹಣದಿಂದ ಓದಿದರು? ಕೊಡುವವನು ಪಡೆಯುವವನನ್ನು ಹೇಗೆ ಗುರುತಿಸುತ್ತಿದ್ದ? ಕೇಳುವ ತಂದೆತಾಯಿಗಳು ಏನನ್ನು ರುಜುವಾತು ಮಾಡಬೇಕಾಗಿತ್ತು? ಮನೆಗೆ ಬಂದು ಪುಸ್ತಕಗಳನ್ನು ತಿರುವತೊಡಗಿದೆ. ಉತ್ತರ ಬಹಳ ದೂರವೇನೂ ಇರಲಿಲ್ಲ. ಮೊದಲ ಉತ್ತರ ನಮ್ಮ ಜಿಲ್ಲೆಯ ಇಂಡಿ ತಾಲೂಕಿನಲ್ಲೇ ಇತ್ತು.

ಇಂಡಿಗೆ ಹತ್ತಿರದ ಸಾಲೋಟಗಿಯ ಕಂಬದ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಕ್ರಿ.ಶ. 945ರದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಅಂದು ಪಾವಿಟ್ಟಗೆ ಎಂದು ಕರೆಯಿಸಿಕೊಳ್ಳುತ್ತಿದ್ದ ಆ ಊರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಸತಿಗೆ 27 ಮನೆಗಳಿದ್ದವು. ರಾತ್ರಿ ಓದುವುದಕ್ಕೆ ದೀಪದ ಎಣ್ಣೆ ಬೇಕಷ್ಟೆ. ಅದಕ್ಕೆಂದು 12 ನಿವರ್ತನ ಭೂಮಿ. ಮುಖ್ಯ ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಊರವರು ತಮ್ಮ ಮೇಲೆ ತಾವೇ ಹಾಕಿಕೊಂಡ ತೆರಿಗೆ. ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಊರಿನ ಒಂದೊಂದು ಮಂಗಳಕಾರ್ಯದಲ್ಲಿಯೂ ಪರವೂರಿನ ಯಾವನೋ ಹುಡುಗನ ಓದಿಗೆ ಪಾಲಿತ್ತು.

ಸಾಲೋಟಗಿಯನ್ನು ನೆನೆದು ಹಿಗ್ಗುವುದು ಸುಲಭ. ಆದರೆ ಪೂರ್ತಿ ಹೇಳಬೇಕಲ್ಲವೆ? ಅದು ವೇದಶಾಸ್ತ್ರಗಳ ಶಾಲೆ, ಬ್ರಾಹ್ಮಣ ವಟುಗಳ ಶಾಲೆ. ಅಲ್ಲಿಗೆ ಸೇರಲು ಆದಾಯದ ಪತ್ರ ಬೇಕಿರಲಿಲ್ಲ, ಹುಟ್ಟೇ ಪತ್ರವಾಗಿತ್ತು. ಆ ಊರಿನ ಸುತ್ತಲಿನ ಹೊಲದಲ್ಲಿ ದುಡಿಯುತ್ತಿದ್ದವರ ಮಕ್ಕಳು ಆ ದೀಪದ ಬೆಳಕನ್ನು ಹೊರಗಿನಿಂದ ನೋಡಿರಬೇಕು.

ಮುಂದಿನ ಶತಮಾನಗಳಲ್ಲಿ, ನಮ್ಮ ಅಜ್ಜಂದಿರ ಕಾಲದವರೆಗೂ, ಬಡ ವಿದ್ಯಾರ್ಥಿಯ ಮುಖ್ಯ ಆಧಾರವಾಗಿ ಉಳಿದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ದಿನಕ್ಕೆ ಏಳು ಮನೆಗಳ ಊಟ. ಇದನ್ನು ಗೊತ್ತುಮಾಡುವುದಕ್ಕಾಗಿ ಹಳ್ಳಿಯ ತಂದೆ ಪಟ್ಟಣದಲ್ಲಿ ಮಗನ ಕೈಹಿಡಿದು ಮನೆಮನೆ ತಿರುಗುತ್ತಿದ್ದ. ಆತನ ಅರ್ಜಿ ಆತನ ಮುಖವೇ. “ಹುಡುಗ ಶ್ಯಾಣ್ಯಾ ಅದಾನ್ರಿ, ನಿಮ್ಮ ಉಪಕಾರ ಮರಿಯೂದಿಲ್ರಿ” ಎಂಬುದೇ ಪ್ರಮಾಣಪತ್ರ. ಒಬ್ಬ ಗೃಹಿಣಿ ಪ್ರೀತಿಯಿಂದ ಎರಡು ತುತ್ತು ಹೆಚ್ಚು ಬಡಿಸುತ್ತಿದ್ದಳು. ಇನ್ನೊಬ್ಬಳು ಬಾಗಿಲ ಹೊರಗೆ ಎಲೆ ಹಾಕುತ್ತಿದ್ದಳು. ಒಂದು ಮನೆಯಲ್ಲಿ ಸೂತಕ ಬಂದರೆ ಅಂದು ಉಪವಾಸ. ಏಳರಲ್ಲಿ ಐದು ಮನೆ ಸಿಕ್ಕು ಎರಡು ದಿನ ನೀರು ಕುಡಿದು ಓದಿದವರ ಆತ್ಮಕಥನಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬೇಕಾದಷ್ಟಿವೆ.

ಬ್ರಾಹ್ಮಣೇತರರಿಗೆ ಈ ಏಳು ಮನೆಗಳೂ ಸುಲಭವಾಗಿ ಸಿಗುವಂತಿರಲಿಲ್ಲ. ಅವರಿಗೆ ಆಸರೆಯಾದದ್ದು ಮಠ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ಯಾವ ಊರಿನಲ್ಲಿಲ್ಲ? ಆಗಿನ ವಿಜಾಪುರದ ಹುಡುಗನಿಗೆ ಧಾರವಾಡವೂ ದೂರವೇ. ಅದಕ್ಕಿಂತ ಹಿಂದೆ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ, ಪದವಿ ಬೇಕೆಂದರೆ ಪುಣೆ ಇಲ್ಲವೆ ಮುಂಬಯಿಗೆ ಹೋಗಬೇಕಾಗಿತ್ತು. ಭಾಷೆ ಬೇರೆ, ಊಟ ಬೇರೆ, ಖರ್ಚು ಹೇಳತೀರದು.

ಈ ಕಷ್ಟವನ್ನು ಕಂಡ ಕೆಲವರು ದಾನವನ್ನು ವ್ಯವಸ್ಥೆಯಾಗಿ ಮಾರ್ಪಡಿಸಲು ಹೊರಟರು. ನಮ್ಮ ವಿದ್ಯಾರ್ಥಿವೇತನದ ಇತಿಹಾಸ ನಿಜವಾಗಿ ಆರಂಭವಾಗುವುದು ಇಲ್ಲಿ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಸೇರಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ಒಂದು ಶಿಕ್ಷಣ ನಿಧಿಯನ್ನು ಕಟ್ಟಿದರು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. ನವಲಗುಂದ–ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನ ಹುಟ್ಟಿದ್ದು ಹಾಗೆ. ದೇಸಗತಿಯ ಆಸ್ತಿಗಾಗಿ ದಾಯಾದಿಗಳು ತಲೆಮಾರುಗಟ್ಟಲೆ ಕೋರ್ಟು ಹತ್ತುತ್ತಿದ್ದ ಕಾಲದಲ್ಲಿ ಒಬ್ಬ ದೇಸಾಯಿ ಊರೂರಿನ ಗುರುತಿಲ್ಲದ ಹುಡುಗರನ್ನು ತನ್ನ ವಾರಸುದಾರರನ್ನಾಗಿ ಮಾಡಿದ್ದು ಸಾಮಾನ್ಯ ಸಂಗತಿಯಲ್ಲ.

ನಮ್ಮ ವಿಜಾಪುರದಲ್ಲಿ ಈ ಕೆಲಸಕ್ಕೆ ನಿಂತವರು ಫ. ಗು. ಹಳಕಟ್ಟಿಯವರು. ವಚನಗಳ ತಾಡೋಲೆಗಳನ್ನು ಊರೂರು ಅಲೆದು ಕೂಡಿಸಿದವರೆಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದವರೆಂದು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದವರೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅವರ ಇನ್ನೊಂದು ಮುಖವನ್ನು ಅಷ್ಟಾಗಿ ಹೇಳುವುದಿಲ್ಲ. ವಕೀಲರಾಗಿದ್ದ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಶಾಲೆಯೊಂದು ಕೈಯಲ್ಲಿ, ಬ್ಯಾಂಕೊಂದು ಕೈಯಲ್ಲಿ. ಓದಿಗೆ ಹಣ ಬೇಕು, ಹಣಕ್ಕೆ ಲೆಕ್ಕ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಹನ್ನೆರಡನೆಯ ಶತಮಾನದ ಭಂಡಾರಿಯೊಬ್ಬನ ವಚನಗಳನ್ನು ಹುಡುಕಿ ಹೋದವರಿಗೆ ಲೆಕ್ಕದ ಮಹತ್ವ ತಿಳಿಯದೆ ಇರುತ್ತದೆಯೆ? ಬಸವಣ್ಣನವರು ಬಿಜ್ಜಳನ ಭಂಡಾರದ ಕಾಗದಪತ್ರಗಳ ನಡುವೆಯೇ ಬಾಳಿದವರು. ಅವರು ಹುಟ್ಟಿದ ಬಾಗೇವಾಡಿಯ ಕಚೇರಿಯಲ್ಲಿ ನನ್ನ ಅಜ್ಜ ಮೂರು ಸಲ ನಿಂತು ಬಂದದ್ದು ಕಾಲದ ಒಂದು ವಿನೋದವೆನ್ನಬೇಕು.

ಆದರೆ ಈ ನಿಧಿಗಳಿಗೂ ಒಂದೊಂದು ಬೇಲಿಯಿತ್ತು. ಪ್ರತಿಯೊಂದು ಸಮಾಜವೂ ಮೊದಲು ತನ್ನ ಮಕ್ಕಳನ್ನು ನೋಡಿಕೊಂಡಿತು. ಅದು ಸಹಜ. ಆದರೆ ನಿಧಿ ಕಟ್ಟಲು ತಮ್ಮಲ್ಲಿ ದೇಸಾಯಿಯಾಗಲಿ ವಕೀಲರಾಗಲಿ ಇಲ್ಲದವರ ಪಾಡೇನು? ವಾರಾನ್ನಕ್ಕೆ ಒಂದು ಮನೆಯೂ ತೆರೆಯದವರ, ಮಠದ ಪಂಕ್ತಿಯಲ್ಲಿ ಕುಳ್ಳಿರಿಸಿಕೊಳ್ಳದವರ ಮಕ್ಕಳು ಯಾರ ಮುಖ ನೋಡಬೇಕು? ಮುಖ ನೋಡಿ ಕೊಡುವವನು ಮುಖದ ಹಿಂದಿನ ಜಾತಿಯನ್ನೂ ನೋಡಿಯೇ ಕೊಡುತ್ತಿದ್ದ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಅಂಬೇಡ್ಕರರು. ಅವರ ಓದೇ ಒಂದು ವಿದ್ಯಾರ್ಥಿವೇತನದ ಕಥೆ. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಅವರನ್ನು ಅಮೆರಿಕೆಗೆ ಕಳಿಸಿದರು. ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡು. ಅದಕ್ಕೆ ಪ್ರತಿಯಾಗಿ ಹತ್ತು ವರ್ಷ ಬರೋಡೆಯಲ್ಲಿ ಚಾಕರಿ ಮಾಡುವೆನೆಂಬ ಕರಾರಿಗೆ ಸಹಿ ಹಾಕಬೇಕಾಯಿತು. ಕರಾರಿನಂತೆ ಅವರು 1917ರಲ್ಲಿ ಬರೋಡೆಗೆ ಹೋದರು. ಹೋದರೆ, ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಆ ಊರಿನಲ್ಲಿ ಇರಲೊಂದು ಕೋಣೆ ಸಿಗಲಿಲ್ಲ. ಕರಾರುಪತ್ರದಲ್ಲಿ ಎಲ್ಲವೂ ಇತ್ತು. ಜನರ ಮನಸ್ಸಿನಲ್ಲಿದ್ದ ಕರಾರು ಮಾತ್ರ ಬೇರೆಯಾಗಿತ್ತು. ಅವರು ಮುಂಬಯಿಗೆ ಮರಳಿದರು.

ಮುಂದೆ ಅವರು 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಸರಕಾರದ ನೆರವಿನಿಂದ ಅದರ ಕೈಕೆಳಗೆ ನಡೆದ ವಸತಿಗೃಹಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಅದೇ ವರ್ಷ ಮುಂಬಯಿ ಸರಕಾರ ಸ್ಟಾರ್ಟೆ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಹಿಂದುಳಿದವರ ಸ್ಥಿತಿಗತಿಗಳನ್ನು ವಿಚಾರಿಸಲು ಒಂದು ಸಮಿತಿ ನೇಮಿಸಿತು. ಸ್ಟಾರ್ಟೆಯವರು ಹಿಂದೆ ನಮ್ಮ ವಿಜಾಪುರದಲ್ಲಿಯೇ ಕೆಲಸ ಮಾಡಿದವರು. ಅಂಬೇಡ್ಕರರೂ ಠಕ್ಕರ್ ಬಾಪಾ ಅವರೂ ಸಮಿತಿಯ ಸದಸ್ಯರು. 1930ರಲ್ಲಿ ವರದಿ ಬಂತು. ವಿದ್ಯಾರ್ಥಿವೇತನ, ವಸತಿಗೃಹಗಳ ವಿಚಾರ ಅದರಲ್ಲಿ ಪ್ರಧಾನವಾಗಿದೆ. 1944ರಲ್ಲಿ, ಅಂಬೇಡ್ಕರರು ವೈಸರಾಯರ ಕಾರ್ಯಕಾರಿಣಿಯಲ್ಲಿದ್ದಾಗ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರಕಾರವೇ ಆರಂಭಿಸಿತು. ನಾಲ್ಕು ವರ್ಷಗಳ ತರುವಾಯ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಇಂದು ಕಂಪ್ಯೂಟರಿನ ಮುಂದೆ ನಾವು ತುಂಬುವ ಅರ್ಜಿಗಳ ಮೂಲಪುರುಷ ಈ 1944ರ ಯೋಜನೆ ಎನ್ನಬಹುದು.

ಇಲ್ಲಿಂದ ಮುಂದೆ ಕೊಡುವವನಿಗೆ ಮುಖವಿಲ್ಲ. ದಿಲ್ಲಿಯಲ್ಲಿ ಕುಳಿತ ಸರಕಾರ ಹೂವಿನ ಹಿಪ್ಪರಗಿಯ ಹುಡುಗನನ್ನು ಕಾಣುವುದೆಂತು? ಆತನ ಜಾತಿ, ಆತನ ಬಡತನ, ಆತ ಪಾಸಾದದ್ದು, ಎಲ್ಲವೂ ಕಾಗದದ ಮೇಲೆ ಕಾಣಬೇಕು. ಕಾಗದ ಬಂದದ್ದು ಹೀಗೆ. ಅದನ್ನು ಬರಿದೆ ಬಯ್ಯುವುದು ತಪ್ಪೆಂದು ನನಗೆ ಮನವರಿಕೆಯಾದದ್ದೂ ಈ ಇತಿಹಾಸವನ್ನು ಓದಿದ ಮೇಲೆಯೇ. ಕಾಗದದ ಮುಂದೆ ಕೈಜೋಡಿಸಿ ನಿಲ್ಲಬೇಕಾಗಿಲ್ಲ. ಕಾಗದ ಬಾಗಿಲ ಹೊರಗೆ ಎಲೆ ಹಾಕುವುದಿಲ್ಲ. ಅದು ಸರಿಯಾಗಿದ್ದರೆ, ಯಾರ ಮಗನೇ ಇರಲಿ, ಹಣ ಕೊಡಲೇಬೇಕು. ನಮ್ಮ ತಂದೆಯ ತಲೆಮಾರಿನ ಎಷ್ಟೋ ಜನ ಬಡವರ ಮಕ್ಕಳು ಮಾಸ್ತರರಾಗಿ, ಕಾರಕೂನರಾಗಿ, ಡಾಕ್ಟರರಾಗಿ ಹೊರಬಂದದ್ದು ಈ ಕಾಗದದ ದಾರಿಯಿಂದ.

ಆದರೆ ಕಾಗದಕ್ಕೆ ಅದರದೇ ಆದ ಹಸಿವಿದೆ. ಒಂದು ಕಾಗದ ಇನ್ನೊಂದನ್ನು ಬೇಡುತ್ತದೆ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ಸಂತೋಷದಲ್ಲಿ ನಾವು ಅಷ್ಟಾಗಿ ಗಮನಿಸದ ಸಂಗತಿಯೆಂದರೆ, ಅಂದಿನಿಂದ ನಮ್ಮ ಜನ ಎರಡು ಬಗೆಯ ಕಚೇರಿ ಭಾಷೆಯಲ್ಲಿ ಬದುಕಬೇಕಾಯಿತು. ಮನೆಯಲ್ಲಿ ಉತಾರ, ಕಚೇರಿಯಲ್ಲಿ ಪಹಣಿ; ಮಾಮಲೇದಾರರು ಹೋಗಿ ತಹಶೀಲ್ದಾರರಾದರು; ಮೋಡಿ ಲಿಪಿಯ ಹಳೆಯ ದಾಖಲೆಗಳನ್ನು ಓದಬಲ್ಲವರು ಊರಿಗೊಬ್ಬರು ಉಳಿದರು, ಕೆಲವೆಡೆ ಅವರೂ ಉಳಿಯಲಿಲ್ಲ. ಹೆಸರಿನ ಮೊದಲು ಅಡ್ಡಹೆಸರೋ ಕೊನೆಗೋ, ತಂದೆಯ ಹೆಸರು ನಡುವೆ ಬರಬೇಕೋ ಬೇಡವೋ ಎಂಬ ಸಣ್ಣ ವಿಷಯವೂ ಎರಡು ಪದ್ಧತಿಗಳಲ್ಲಿ ಎರಡು ತೆರನಾಯಿತು. ಇಂದು ಕಂಪ್ಯೂಟರು ನನ್ನ ತಂದೆಯ ಎರಡು ಹೆಸರುಗಳನ್ನು ಎರಡು ಮನುಷ್ಯರೆಂದು ತಿಳಿಯುತ್ತದೆ. ಅದರ ತಪ್ಪೇನಿದೆ? ಎರಡು ರಾಜ್ಯಗಳ ಇತಿಹಾಸ ಆ ಎರಡು ಹೆಸರುಗಳಲ್ಲಿ ಕುಳಿತಿದೆ.

ಇತ್ತ ನೆರವಿನ ಬಗೆಗಳೂ ಹೆಚ್ಚಿದವು. 1963ರಲ್ಲಿ ಭಾರತ ಸರಕಾರ ಬಡ ಪ್ರತಿಭಾವಂತರಿಗಾಗಿ ಸಾಲರೂಪದ ವಿದ್ಯಾರ್ಥಿವೇತನ ಹೊರಡಿಸಿತು. 2001ರಲ್ಲಿ ಬ್ಯಾಂಕುಗಳ ಸಂಘ ಶಿಕ್ಷಣ ಸಾಲಕ್ಕೊಂದು ಮಾದರಿ ಯೋಜನೆ ರೂಪಿಸಿತು. ನಾಲ್ಕು ಲಕ್ಷದವರೆಗೆ ಒತ್ತೆ ಬೇಡವೆಂದಿತು. 2015ರಲ್ಲಿ ಬಂದ ಖಾತರಿ ನಿಧಿಯಿಂದ ಆ ಮಿತಿ ಏಳೂವರೆ ಲಕ್ಷಕ್ಕೆ ಏರಿತು. ಅದೇ 2015ರಲ್ಲಿ ದೇಶದ ವಿದ್ಯಾರ್ಥಿವೇತನಗಳನ್ನು ಒಂದೇ ಕಡೆ ತರುವ ರಾಷ್ಟ್ರೀಯ ತಾಣ ತೆರೆಯಿತು; ಕೆಲವು ವರ್ಷಗಳಲ್ಲಿ ಕರ್ನಾಟಕವೂ ತನ್ನದೊಂದು ರಾಜ್ಯ ತಾಣವನ್ನು ಮಾಡಿಕೊಂಡಿತು. ಹಿಂದೆ ಹಣ ಕಾಲೇಜಿಗೆ ಬಂದು, ಗುಮಾಸ್ತರ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗಿ, ಹುಡುಗನ ಕೈ ಸೇರುವಷ್ಟರಲ್ಲಿ ಆತ ಕಾಲೇಜೇ ಬಿಟ್ಟಿರುತ್ತಿದ್ದ. ಇಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ಹಣ ಎತ್ತಿದವರೂ ಇದ್ದರು. ಈಗ ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹೋಗುತ್ತದೆ. ಅಷ್ಟೊಂದು ಸಂಖ್ಯೆಗಳು ಬೇಕಾದದ್ದು ಇದಕ್ಕಾಗಿ. ಒಂದೊಂದು ಬೀಗದ ಹಿಂದೆಯೂ ಒಂದೊಂದು ಹಳೆಯ ಕಳವಿದೆ. ತೊಂದರೆಯೆಂದರೆ, ಕಳ್ಳ ಬೀಗ ತೆರೆಯುವುದನ್ನು ಬೇಗ ಕಲಿಯುತ್ತಾನೆ; ಮನೆಯವನು ಕೀಲಿ ಕಳೆದುಕೊಂಡು ಹೊರಗೆ ನಿಲ್ಲುತ್ತಾನೆ.

ನಮ್ಮ ಕಥೆಗೆ ಬರೋಣ. ನಾಡಕಚೇರಿಯಿಂದ ತಿರುಗಿ ಬಂದ ರಾತ್ರಿ ಊಟವಾದ ಮೇಲೆ ತಂದೆ, “ವಾಟ್ನಿ ಮಾಡಿಬಿಡೂಣು” ಎಂದರು. ನಾನು ಬೆಚ್ಚಿದೆ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತಿರುವ ಸೀಮೆ ನಮ್ಮದು. ಇಲ್ಲಿ ಎರೆಹೊಲವನ್ನು ಬದುಕಿರುವಾಗಲೇ ಮಗನ ಹೆಸರಿಗೆ ಬರೆದುಕೊಡುವುದೆಂದರೆ ಮುದುಕನೊಬ್ಬ ತನ್ನ ಕೈಗೋಲನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ಬರೆದುಕೊಟ್ಟು ಪರಿತಪಿಸಿದವರ ಕಥೆಗಳು ಪ್ರತಿ ಓಣಿಯಲ್ಲಿವೆ.

“ಐದೂವರೆ ಸಾವಿರಕ್ಕ ಹೊಲಾ ಯಾಕ ಹಂಚಬೇಕಪ್ಪಾ? ಬ್ಯಾಡ ಬಿಡು,” ಎಂದೆ.

“ರೊಕ್ಕದ ಮಾತಲ್ಲೋ ತಮ್ಮಾ,” ಎಂದರು. “ನನ್ನ ಕಾಗದ ಜಂತ್ಯಾಗ ಉಳೀತು. ಆಕಿದು ಉಳೀಬಾರದು.”

ಇಬ್ಬರು ಅಕ್ಕಂದಿರೂ ಬಂದು ಒಪ್ಪಿಗೆಯ ಸಹಿ ಹಾಕಿದರು. ನಾಲ್ಕೆಕರೆ ನನ್ನ ಹೆಸರಿಗಾಯಿತು. ನೋಂದಣಿ, ನೋಟೀಸು, ತಕರಾರಿನ ಅವಧಿ, ಹೊಸ ಉತಾರ, ಆಮೇಲೆ ಎಫ್‌ಐಡಿ. ಮಗಳ ಊರನ್ನು ದೇವರಿಂದ ಹೂವಿಗೆ ತಿರುಗಿಸಿದ್ದಾಯಿತು. 2023ರ ಮಾರ್ಚಿಯಲ್ಲಿ ಹಣ ಬಂತೆಂದು ತಾಣ ತೋರಿಸಿತು. ನಾವು ಕೊಟ್ಟ ಖಾತೆಯಲ್ಲಿ ಮಾತ್ರ ಒಂದು ರೂಪಾಯಿಯೂ ಇರಲಿಲ್ಲ. ಮತ್ತೆ ಒಂದು ವಾರ ಅಲೆದಾಟ. ಕೊನೆಗೆ ತಿಳಿಯಿತು: ಹಣ ಹೋಗುವುದು ನಾವು ಬರೆದ ಖಾತೆಗಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಮಗಳು ಹೈಸ್ಕೂಲಿನಲ್ಲಿದ್ದಾಗ ತೆರೆದು ನಾವೆಲ್ಲ ಮರೆತಿದ್ದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಅದು ಸದ್ದಿಲ್ಲದೆ ಕುಳಿತಿತ್ತು. ವಾಟ್ನಿಯ ಖರ್ಚು, ಬಾಗೇವಾಡಿಗೆ ತಿರುಗಿದ ಬಸ್ಸಿನ ಚಾರ್ಜು ಕಳೆದರೆ ಉಳಿದದ್ದು ಹೆಚ್ಚೇನೂ ಇರಲಿಲ್ಲ. ಪಾಸುಬುಕ್ಕನ್ನು ತಂದೆಗೆ ತೋರಿಸಿದೆ. ಅವರು ಅಂಕಿಯನ್ನು ನೋಡಲಿಲ್ಲ; ಮೇಲಿದ್ದ ಮೊಮ್ಮಗಳ ಹೆಸರಿನ ಮೇಲೆ ಬೆರಳಾಡಿಸಿ, “ಹೆಸರು ಬರೋಬರಿ ಬರದಾರೇನು?” ಎಂದು ಕೇಳಿದರು.

ಎಂ.ಎ. ಆದ ನನಗೆ, ರಜೆ ಹಾಕಿ ಅಲೆಯಬಲ್ಲ ನನಗೆ, ಕಚೇರಿಯಲ್ಲಿ ಕುರ್ಚಿ ಕೊಟ್ಟು ‘ಸರ್’ ಎನ್ನಿಸಿಕೊಳ್ಳುವ ನನಗೆ ಇಷ್ಟಾಯಿತು. ಅಂದಿನ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ತಾಯಿ ನಿಂತಿದ್ದಳು. ಕೂಲಿಯವಳು, ಅಂದಿನ ದಗದ ಬಿಟ್ಟು ಬಂದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು, ಅವುಗಳಲ್ಲಿ ಯಾವುದು ಯಾವುದೆಂದು ತಿಳಿಯದೆ, ಎಲ್ಲವನ್ನೂ ನನ್ನ ಕೈಗಿತ್ತು, “ಇದರಾಗ ನನ್ನ ಮಗನ ರೊಕ್ಕದ್ದು ಯಾವುದು ನೋಡ್ರಿ ಯಪ್ಪಾ” ಎಂದಿದ್ದಳು. ಆಕೆಗೆ ಮೂರು ದಿನದ ಕೂಲಿ ಹೋದರೆ ವಿದ್ಯಾರ್ಥಿವೇತನದಲ್ಲಿ ಅಷ್ಟು ಕಡಿಮೆಯಾದಂತೆಯೇ. ಹಕ್ಕು ಆಕೆಯದ್ದೇ. ಆದರೆ ಆ ಹಕ್ಕನ್ನು ಓದಲು ಬೇಕಾದ ಅಕ್ಷರ ಆಕೆಯದಲ್ಲ.

ಸಾಲೋಟಗಿಯ ಶಾಸನದಲ್ಲಿ ಇಂದಿಗೆ ಸಲ್ಲದ ಸಂಗತಿಗಳಿವೆ, ನಿಜ. ಆದರೂ ಅದರಿಂದ ಕಲಿಯುವುದು ಒಂದಿದೆ. ಕೊಡುವುದೆಷ್ಟು, ಯಾವಾಗ, ಯಾತಕ್ಕೆ ಎಂಬುದನ್ನು ಊರ ನಡುವೆ ಕಂಬದ ಮೇಲೆ ಕೊರೆದಿದ್ದರು. ವರ್ಷಕ್ಕೊಮ್ಮೆ ಕೊನೆಯ ದಿನಾಂಕ ಬದಲಾಗುತ್ತಿರಲಿಲ್ಲ. ಹಾಗೆಯೇ ವಾರಾನ್ನದ ಅವಮಾನ ತಿರುಗಿ ಬರುವುದು ಬೇಡ. ಆದರೆ ಅಂದು ಹಳ್ಳಿಯ ತಂದೆಯನ್ನು ಮನೆಯಿಂದ ಮನೆಗೆ ಕರೆದೊಯ್ದು ಪರಿಚಯ ಮಾಡಿಕೊಡುತ್ತಿದ್ದ ಒಬ್ಬ ಪುಣ್ಯಾತ್ಮ ಇರುತ್ತಿದ್ದನಲ್ಲ, ಆತ ಬೇಕು. ಪ್ರತಿ ಕಾಲೇಜಿನಲ್ಲಿ, ಪ್ರತಿ ಹೋಬಳಿಯಲ್ಲಿ, ಅರ್ಜಿಯ ಕಾಲದಲ್ಲಾದರೂ, ಕಾಗದ ಓದಿ ಹೇಳುವ ಒಬ್ಬ ಮನುಷ್ಯ ಕುಳಿತಿರಬೇಕು. ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ. ನನ್ನಂಥ ಅಧ್ಯಾಪಕರು ವಾರಕ್ಕೆ ಒಂದು ತಾಸು ಕೊಟ್ಟರೂ ಬಹಳವಾಯಿತು.

ಮಗಳ ಪದವಿ 2025ರಲ್ಲಿ ಮುಗಿಯಿತು. ಈಗ ರವಿವಾರ ಮುಂಜಾನೆ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕಾರು ಜನ ಬಂದು ಕೂಡುತ್ತಾರೆ. ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲಗಳು. ಆಕೆ ಒಂದೊಂದೇ ಕಾಗದ ತೆಗೆದು, ಹೆಸರಿಗೆ ಹೆಸರು ತಾಳೆ ನೋಡಿ, ತಪ್ಪಿದ್ದಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡಿ, ಯಾವ ಕಚೇರಿಗೆ ಯಾವ ದಿನ ಹೋಗಬೇಕೆಂದು ಬರೆದುಕೊಡುತ್ತಾಳೆ. ನನ್ನ ತಂದೆ ಕಂಬಕ್ಕೆ ಆತು ಕುಳಿತಿರುತ್ತಾರೆ. ಬಂದವರಿಗೆಲ್ಲ ಅವರು ಹೇಳುವ ಮಾತು ಒಂದೇ: “ಮುದ್ದತು ಯಾವತ್ತೈತಿ ಅಂತ ಮೊದಲ ಕೇಳ್ರೀ.”